ಖಾನಾವಳಿಯವನ ಊಟ

ವಾಡಿ ಸ್ಟೇಷನ್ನಿನ ಎದುರಿಗೆ ನನ್ನದೊಂದು ಖಾನಾವಳಿಯಿದೆ. ಮೊನ್ನೆ ಮೊನ್ನೆಯವರೆಗೆ ಅಲ್ಲಿ ಊರಿಗೆ ಊರೇ ಉಣ್ಣುತ್ತಿತ್ತು, ನನ್ನೊಬ್ಬನನ್ನು ಬಿಟ್ಟು. ನನ್ನ ಬುತ್ತಿ ಮಾತ್ರ ಮನೆಯಿಂದ ಬರುತ್ತಿತ್ತು. ಇದರಲ್ಲಿ ನಾಚಿಕೊಳ್ಳುವಂಥದ್ದೇನಿದೆ ಎಂದು ನೀವು ಕೇಳಬಹುದು. ಹೆಂಡತಿಯ ಕೈಯಡುಗೆ ಬಿಡಲಾರದ ಗಂಡ ಎಂದು ನಾನೂ ನನ್ನನ್ನು ಹಾಗೇ ಹೊಗಳಿಕೊಂಡು ಇದ್ದೆ.

ನಮ್ಮದು ರೈಲು ಬದಲಿಸುವ ಊರು. ರಜಾಕಾರರ ಗದ್ದಲದಲ್ಲಿ ಬಿಕೋ ಎನ್ನುತ್ತಿದ್ದ ನನ್ನ ಬೆಂಚುಗಳು ಈಗ ಗಾಡಿ ಬಂದಾಗಲೆಲ್ಲ ತುಂಬುತ್ತವೆ. ಬಂದವನಿಗೆ ಹಸಿವು, ಮೇಲೆ ಅವಸರ. ಒಂದು ಕಣ್ಣು ತಟ್ಟೆಯ ಮೇಲೆ, ಇನ್ನೊಂದು ಸಿಗ್ನಲ್ಲಿನ ಮೇಲೆ. ರಾತ್ರಿ ಹೊಟ್ಟೆ ಕೆಟ್ಟು ಬೈಯುವ ಹೊತ್ತಿಗೆ ಅವನು ಸೊಲ್ಲಾಪುರ ದಾಟಿರುತ್ತಾನೆ. ಇಂಥ ಗಿರಾಕಿಗಳು ಸಿಕ್ಕಮೇಲೆ ಖಾನಾವಳಿಯವನು ಕೆಡದೆ ಉಳಿಯುವುದು ಬಹಳ ಕಷ್ಟ. ನಾನು ಅಷ್ಟು ಕಷ್ಟಪಡಲಿಲ್ಲ.

ಒಳಗೆ ತಟ್ಟೆ ತೊಳೆಯಲು ಒಂದು ದೊಡ್ಡ ಬೋಗುಣಿ. ಮುಂಜಾನೆ ಅದರಲ್ಲಿ ನೀರಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದನ್ನು ಸಾರೆಂದರೂ ನಡೆಯುತ್ತಿತ್ತು. ತಟ್ಟೆ ಒರೆಸುವ ಅರಿವೆಯೇ ಹಂಚನ್ನೂ ಒರೆಸುತ್ತಿತ್ತು, ಅಡುಗೆಯವನ ಬೆವರನ್ನೂ ಒರೆಸುತ್ತಿತ್ತು. ನಿನ್ನೆಯ ಬೇಳೆಗೆ ಇಂದಿನ ಒಗ್ಗರಣೆ ಬೀಳುತ್ತಿತ್ತು. ಎಂಜಿನ್ನಿನ ಮಸಿ ರೊಟ್ಟಿಯ ಮೇಲೆ ಕೂತರೆ ಅದು ರೈಲ್ವೆಯವರ ತಪ್ಪು ಎಂದು ನಾನು ಸುಮ್ಮನಿರುತ್ತಿದ್ದೆ. ಆದರೂ ಬಾಗಿಲ ಮೇಲೆ ‘ಲಿಂಗಾಯತ ಖಾನಾವಳಿ’ ಎಂದು ಹಲಗೆ ಬರೆಸಿದ್ದೆ. ಆ ಹಲಗೆಯ ಹಿಂದೆ ದಾಸೋಹ, ಕಾಯಕ ಎಲ್ಲ ಇದೆಯೆಂದು ಜನ ನಂಬುತ್ತಿದ್ದರು. ಇದ್ದದ್ದು ಆ ಬೋಗುಣಿ.

ಹಿಂದಿನ ಕಾಲದ ಅರಸರ ಮನೆಯಲ್ಲಿ ಅರಸ ಉಣ್ಣುವ ಮೊದಲು ಇನ್ನೊಬ್ಬ ಉಂಡು ತೋರಿಸಬೇಕಿತ್ತಂತೆ. ವಿಷದ ಭಯ. ಅದನ್ನು ಕೇಳಿದಾಗಲೆಲ್ಲ ಅರಸರ ಬಾಳು ಎಷ್ಟು ಕಷ್ಟದ್ದು ಎಂದು ನನಗೆ ಕನಿಕರ ಬರುತ್ತಿತ್ತು. ನನ್ನ ಗಿರಾಕಿಗಳ ಮೇಲೆ ಆ ಕನಿಕರ ಯಾಕೆ ಬರಲಿಲ್ಲವೋ ತಿಳಿಯದು.

ಇಷ್ಟರಲ್ಲಿ ನನ್ನ ತಮ್ಮ ಚಂದ್ರಪ್ಪನಿಗೆ ನಾಲವಾರದಿಂದ ಒಂದು ಸಂಬಂಧ ಬಂತು. ಹೊಲವಿಲ್ಲದ ಮನೆ ಎಂದು ಹಿಂದೆ ಬಂದವರೆಲ್ಲ ಹೊರಳಿ ಹೋಗಿದ್ದರು. ಇದೂ ತಪ್ಪಿದರೆ ಹುಡುಗ ಸನ್ಯಾಸಿಯಾಗುವುದೇ ಸರಿ ಎಂದು ನನ್ನ ಹೆಂಡತಿ ಕಣ್ಣೀರು ಹಾಕಿದ್ದಳು. ನಮ್ಮ ಕಡೆ ಹೆಣ್ಣು ಕೊಡುವ ಮೊದಲು ಹೆಣ್ಣಿನವರು ಬಂದು ಮನೆತನ ನೋಡುತ್ತಾರೆ. ಒಕ್ಕಲುತನದ ಮನೆಯಾದರೆ ಹೊಲ, ಕಾಳು ತುಂಬಿದ ಹಗೇವು, ಎತ್ತು ನೋಡುತ್ತಾರೆ. ನಮ್ಮ ಮನೆಯಲ್ಲಿ ನೋಡುವುದೇನು? ಹುಡುಗಿಯ ಅಜ್ಜಿ ರೈಲು ಇಳಿದವಳೇ ಮಗನನ್ನು ನಮ್ಮ ಮನೆಗೆ ಕಳಿಸಿ, ತಾನು ನೆಟ್ಟಗೆ ಖಾನಾವಳಿಗೆ ಬಂದಳು.

“ಆಯಿ, ಮನೀಗಿ ನಡೀರಿ. ಹೋಳಿಗಿ ಮಾಡ್ಯಾರ,” ಎಂದೆ.

“ಹೋಳಿಗಿ ಎಲ್ಲಿ ಹೋಗ್ತದ್ರಿ? ನೀವು ದುಡಿಯೋ ಜಾಗ ಇದಲ್ಲೇನು? ಮೊದಲ ಇದು ನೋಡ್ತೀನಿ,” ಎಂದು ಒಳಗೇ ನಡೆದಳು.

ಬೇಳೆಯ ಮುಚ್ಚಳ ತೆಗೆದು ಮೂಸಿದಳು. ಬೋಗುಣಿಯಲ್ಲಿ ಬೆರಳದ್ದಿ ಸೆರಗಿಗೆ ಒರೆಸಿಕೊಂಡಳು. ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಅದೇ ಹೊತ್ತಿಗೆ ನನ್ನ ಬುತ್ತಿ ಬರಬೇಕೆ!

“ಇದು ಯಾರಿಗ್ರಿ?”

“ನನಗ.”

“ಭಾಳ ಚಲೋ ಆಯ್ತು,” ಎಂದು ಅವಳು ಬುತ್ತಿ ಬಿಚ್ಚಿ, ಪಕ್ಕದಲ್ಲಿ ಗಾಡಿಗೆ ಕಾಯುತ್ತಿದ್ದ ಯಾರೋ ಪರ ಊರಿನವನ ಮುಂದೆ ಇಟ್ಟುಬಿಟ್ಟಳು. “ಉಣ್ಣಪ್ಪ, ಮನಿ ಊಟ ಅದ.” ನನ್ನ ಕಡೆ ತಿರುಗಿ, “ಇಲ್ಲೀದು ನಮ್ಮಿಬ್ಬರಿಗೆ ತರಸ್ರಿ. ನೀವೂ ಕುಂದರ್ರಿ.”

ಕೂತೆ. ತಟ್ಟೆ ಬಂತು, ಒದ್ದೆಯಾಗಿತ್ತು. ನನ್ನ ಕೈ ತಾನಾಗಿಯೇ ಧೋತರದ ಚುಂಗಿನಿಂದ ಅದನ್ನು ಒರೆಸತೊಡಗಿತು. ಒರೆಸಿದ್ದಾದ ಮೇಲೆಯೇ ಅವಳು ನೋಡುತ್ತಿದ್ದಾಳೆಂದು ಗೊತ್ತಾದದ್ದು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಅವಳು ಒಂದಗುಳೂ ಬಿಡದೆ ಉಂಡಳು. ತಟ್ಟೆಯಲ್ಲಿ ಬಿಟ್ಟು ಎದ್ದವನು ನಾನೊಬ್ಬನೇ.

ಮನೆಗೆ ಹೋಗಿ ಹುಡುಗನನ್ನು ನೋಡಿ, ಗಾಡಿಗೆ ಹೋಗುವಾಗ ಖಾನಾವಳಿಯ ಮುಂದೆ ನಿಂತು ಅಂದಳು: “ಹುಡುಗ ಚಲೋ ಇದ್ದಾನ, ಹುಡುಗಿ ಕೊಡ್ತೀವ್ರಿ. ಖರೇ, ಒಂದು ಮಾತು. ನನ್ನ ಮೊಮ್ಮಗಳು ಮನ್ಯಾಗ ಉಣ್ಣಂಗಿಲ್ಲ. ದಿನಾ ಇಲ್ಲೇ ಉಣ್ತಾಳ, ನೀವು ಮಂದಿಗಿ ಏನು ನೀಡ್ತೀರಿ ಅದೇ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೆಣ್ಣು ಕೊಟ್ಟುಬಿಟ್ಟಳು, ಏನು ಮಾಡುವುದು? ಮದುವೆಗೆ ಮನೆಗೆ ಸುಣ್ಣ ಬಳಿಸುವವರನ್ನು ನೀವು ನೋಡಿದ್ದೀರಿ. ನಾನು ಖಾನಾವಳಿಯ ಅಡುಗೆಮನೆಗೆ ಬಳಿಸಿದೆ. ಬೋಗುಣಿ ಹೋಗಿ ನಲ್ಲಿಯ ಪೀಪಾಯಿ ಬಂತು. ಆ ಅರಿವೆಯನ್ನು ಸುಟ್ಟೆವು, ಅದು ಬಹಳ ಹೊತ್ತು ಉರಿಯಿತು.

ಮದುವೆಯಾಗಿ ಹುಡುಗಿ ಬಂದಳು. ಮೊದಲ ದಿನ ಒಲೆಯ ಪಕ್ಕ ತಟ್ಟೆಯ ಮುಂದೆ ಕೂತಳು. ನಾನೇ ನಿಂತು ರೊಟ್ಟಿ, ಬೇಳೆ, ಪುಂಡಿಪಲ್ಯ ನೀಡಿದೆ. ಅವಳು ತುತ್ತು ಮುರಿದು ಬಾಯಿಗಿಟ್ಟಾಗ ಉಸಿರು ಹಿಡಿದು ಅವಳ ಮುಖವನ್ನೇ ನೋಡಿದೆ. ಅವಳು ನುಂಗಿ, ತಲೆ ತಗ್ಗಿಸಿಕೊಂಡೇ ಇನ್ನೊಂದು ರೊಟ್ಟಿ ಕೇಳಿದಳು.

ಅಳು ಬಂದಂತಾಗಿ ಬಾಗಿಲ ಕಡೆ ತಿರುಗಿದೆ. ಬೆಂಚಿನ ತುಂಬ ಮಂದಿ ಉಣ್ಣುತ್ತಿದ್ದರು. ಒಬ್ಬ ಮುದುಕ, ಕೂಸನ್ನು ತೊಡೆಯ ಮೇಲಿಟ್ಟುಕೊಂಡ ಒಬ್ಬಳು ತಾಯಿ. ಇಷ್ಟು ವರ್ಷ ಅವರಿಗೆ ನೀಡಿದ್ದೇನೆ. ಉಣ್ಣುವಾಗ ಅವರ ಮುಖ ನೋಡಿದ್ದು ಅಂದೇ ಮೊದಲು.