ಕೆರ್ಸಿ ಸೇಠನ ಬಣ್ಣದ ತಕರಾರು

ನಮ್ಮ ದಾದರಿನ ಪಾರ್ಸಿ ಬಾಗಿನಲ್ಲಿ, ಅಂದರೆ ಪಾರ್ಸಿಗಳೇ ಇರುವ ವಠಾರದಲ್ಲಿ, ಕೆರ್ಸಿ ಸೋಪಾರಿವಾಲಾನಷ್ಟು ಕಾರುಗಳನ್ನು ಹಳಿದವನು ಇನ್ನೊಬ್ಬನಿಲ್ಲ. ವಿಮಾ ಕಚೇರಿಯಿಂದ ನಿವೃತ್ತನಾದ ಈ ಬ್ರಹ್ಮಚಾರಿಯ ಹತ್ತಿರ ಒಂದು ಸೈಕಲ್ಲೂ ಇರಲಿಲ್ಲ. ಆದರೂ ಯಾರ ಗಾಡಿ ಅಂಗಳಕ್ಕೆ ಬಂದರೂ ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಬಂದು, "ಇದೂ ಒಂದು ಗಾಡಿನಾ?" ಅನ್ನುತ್ತಿದ್ದ. ಪಕ್ಕದ ಮನೆಯವನಾದ ನಾನು ಹೂಂ ಅನ್ನುತ್ತಿದ್ದೆ.

ಕೆಳಗಿನ ಮನೆಯ ತೆಹ್ಮಿನಾ ಮಾಸಿಗೆ ಎಂಬತ್ತು. ನವರೋಜ್ ಹಬ್ಬ ಕಳೆದ ಮೇಲೆ ವೃದ್ಧಾಶ್ರಮ ಸೇರುವವಳು. ಅಷ್ಟರಲ್ಲಿ ತೀರಿಹೋದ ಗಂಡನ ಮಾರಿಸ್ ಮೈನರ್ ಕಾರನ್ನು ಒಳ್ಳೆಯ ಕೈಗೆ ಒಪ್ಪಿಸಬೇಕು, ಅದೊಂದೇ ಅವಳ ಚಿಂತೆ. ಒಳ್ಳೆಯ ಕೈ ಎಂದರೆ ಪಾರ್ಸಿಯ ಕೈ ಎಂದೇ ನಮ್ಮಲ್ಲಿ ಅರ್ಥ. ಹೊರಗಿನವರು ಮೂವರು ಬಂದರು, ಮೂವರನ್ನೂ ಬಾಗಿಲಲ್ಲೇ ಸಾಗಹಾಕಿದಳು. ನಮ್ಮವನೇ ಆದ ಕೆರ್ಸಿ ಆಗಲಿ ಅಂದಿದ್ದರೆ ಸಾಕಿತ್ತು, ಗಾಡಿ ಅವನದಾಗುತ್ತಿತ್ತು.

ಆ ಮಹಾನುಭಾವ ಐದು ಭಾನುವಾರ ಬಂದ. ಪುದೀನ ಹಾಕಿದ ಚಾ ಕುಡಿದ, ಬಿಸ್ಕತ್ತಿನ ಡಬ್ಬಿ ಬರಿದು ಮಾಡಿದ, ಬಾನೆಟ್ಟಿನ ಮೇಲೆ ಬೆರಳಾಡಿಸಿದ. ಅಲ್ಲಿ ಬಣ್ಣ ಹೋಗಿ ತಗಡು ಕಾಣುತ್ತಿತ್ತು.

"ಟ್ಯಾಕ್ಸಿಯವ್ರೂ ಗಾಡೀನ ಹೀಗೆ ಇಟ್ಕೊಳ್ಳಲ್ಲ, ಮಾಸಿ."

"ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ಒರೆಸಿದೀನಿ ಕಣೋ. ಒರೆಸಿ ಒರೆಸೀನೇ ಸವೆದಿರೋದು."

"ಪೂರ್ತಿ ಕೆರೆದು ಹೊಸ ಬಣ್ಣ ಹೊಡೀಬೇಕು. ಯೋಚ್ನೆ ಮಾಡಿ ಹೇಳ್ತೀನಿ."

ಯೋಚನೆಯಂತೆ ಯೋಚನೆ! ಚಾ ಲೋಟ ಖಾಲಿಯಾಗುವವರೆಗೆ ಮಾತ್ರ ಅದು.

ಆರನೇ ಭಾನುವಾರ ಕೆರ್ಸಿ ಬರುವ ಹೊತ್ತಿಗೆ ಮಾಸಿ ತಾನೇ ಗಾಡಿಗಳಿಗೆ ಬಣ್ಣ ಹೊಡೆಯುವ ಸಲೀಮನನ್ನು ಕರೆಸಿದಳು. ಅವನು ಬಾನೆಟ್ ಎತ್ತಿ ನೋಡಿದ. ಅಂಗಿಯ ಯೋಚನೆ ಬಿಟ್ಟು ನೆಲದ ಮೇಲೆ ಮಲಗಿ ಅಡಿಯಿಂದ ನೋಡಿದ. ಕೀಲಿ ತಿರುಗಿಸಿದರೆ ಇಂಜಿನ್ ಒಂದೇ ಸಲಕ್ಕೆ ಶುರುವಾಯಿತು.

"ಬಣ್ಣದ ಮಾತು ಆಮೇಲೆ ಸೇಠ್. ಮೊದ್ಲು ಒಂದು ಸುತ್ತು ಹೋಗ್ಬನ್ನಿ," ಎಂದು ಕೆಳಗಿಳಿದ.

ಕೆರ್ಸಿ ಟೋಪಿ ಸರಿಮಾಡಿಕೊಂಡ. ಗಾಡಿಯನ್ನು ಬಳಸಿ ಹೋಗಿ, ಎಡಗಡೆಯ ಬಾಗಿಲು ತೆಗೆದು ಕೂತ. ಯಾರಾದರೂ ಬಂದು ಓಡಿಸಲಿ ಎಂದು ನೆಟ್ಟಗೆ ಮುಂದೆ ನೋಡುತ್ತಿದ್ದ.

"ನಿಂಗೆ ಓಡ್ಸೋಕೇ ಬರಲ್ವಾ?" ಮಾಸಿ ಕೇಳಿದಳು.

"ನಮ್ಮಂಥವ್ರಿಗೆ ಡ್ರೈವರ್ ಇರ್ತಾನೆ, ಮಾಸಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಹೇಸಿಗೆಯಾಯಿತು.

"ಇಳಿ ಕೆಳಗೆ," ಎಂದಳು ಮಾಸಿ. "ಸಲೀಮ್, ಈ ಗಾಡಿ ನೀನೇ ಇಟ್ಕೋ. ಬಾನೆಟ್ಟಿಗೆ ಮಾತ್ರ ಬಣ್ಣ ಹಚ್ಬೇಡ."

"ಮಾಸಿ, ಅವ್ನು ನಮ್ಮವನಲ್ಲ!" ಕೆರ್ಸಿ ಕಿರುಚಿದ.

"ನೀನು ನಮ್ಮವ್ನೇ ಅಲ್ವಾ? ಐದು ವಾರದಲ್ಲಿ ಒಂದ್ಸಲನಾದ್ರೂ ಬಗ್ಗಿ ನೋಡಿದ್ಯಾ?"

ಮಾರನೇ ದಿನ ಅಂಗಳದಲ್ಲಿ ಕೆರ್ಸಿ ಮತ್ತೆ ಕೈ ಹಿಂದೆ ಕಟ್ಟಿ ನಿಂತಿದ್ದ. "ಬಣ್ಣ ಸರಿ ಇರ್ಲಿಲ್ಲ ನೋಡು, ಅದಕ್ಕೇ ಬಿಟ್ಬಿಟ್ಟೆ," ಎಂದು ನನ್ನ ಮುಖ ನೋಡಿದ.

ಇಷ್ಟು ವರ್ಷಗಳಲ್ಲಿ ಮೊದಲ ಸಲ ನಾನು ಹೂಂ ಅನ್ನಲಿಲ್ಲ.