ಜೊಲ್ಲಿಗೆ ಬಿಟ್ಟ ಬಣ್ಣ

ಮಲಗಿಸಿದ ಜಾಗದಲ್ಲೇ ಎದ್ದ ಮಗುವನ್ನು ನಾನಂತೂ ಕಂಡಿಲ್ಲ. ನಿಮ್ಮ ಮನೆಯಲ್ಲಿ ಅಂಥದೊಂದು ಇದ್ದರೆ ದಯವಿಟ್ಟು ನನಗೆ ಹೇಳಬೇಡಿ. ಈ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಒಳ್ಳೆಯದಲ್ಲ. ನನ್ನ ಹಿರಿಯ ಮಗ ಶ್ರೀಧರ ಕೂಸಾಗಿದ್ದಾಗ ಪೂರ್ವಕ್ಕೆ ತಲೆ ಮಾಡಿ ಮಲಗಿಸಿದರೆ ಪಶ್ಚಿಮಕ್ಕೆ ತಲೆ ಮಾಡಿ ಏಳುತ್ತಿದ್ದ. ನಡುವೆ ಯಾವ ಯಾವ ದಿಕ್ಪಾಲಕರನ್ನು ಕಂಡು ಬಂದನೋ, ಅವನೇ ಬಲ್ಲ. ಹೊದಿಕೆ ಕಾಲ ಕೆಳಗೆ, ಚಡ್ಡಿ ಮೊಣಕಾಲಿನಲ್ಲಿ, ಅಂಗಿ ಕೊರಳಿಗೆ ಹಾರದ ಹಾಗೆ. ನಿದ್ದೆಯೆಂದರೆ ನಮಗೆ ವಿಶ್ರಾಂತಿ. ಕೂಸುಗಳಿಗೆ ಅದೊಂದು ಗರಡಿಮನೆ.

ಆಗ ನಾವು ಅಹಮದಾಬಾದಿನಲ್ಲಿದ್ದೆವು. ನನ್ನ ಗಂಡನದು ವಿಮಾ ಕಚೇರಿಯ ಕೆಲಸ. ಅರವತ್ತರ ದಶಕದ ಆರಂಭದಲ್ಲಿ ಧಾರವಾಡದಿಂದ ಎತ್ತಿ ನಮ್ಮನ್ನು ಅಲ್ಲಿಗೆ ಒಗೆದಿದ್ದರು. ಹಳೇ ಊರಿನಲ್ಲಿ, ಮನೆಗೆ ಮನೆ ಅಂಟಿಕೊಂಡ ಓಣಿಯೊಂದರ ಮಹಡಿಯಲ್ಲಿ ಎರಡು ಕೋಣೆ. ಬಾಣಂತನಕ್ಕೆ ಬಂದವರು ಗಂಗತ್ತೆ, ನನ್ನ ಗಂಡನ ಸೋದರತ್ತೆ. ಸ್ವಂತ ಮಕ್ಕಳಿಲ್ಲದ ಅವರೇ ತಾಯಿಯಿಲ್ಲದ ನನ್ನ ಗಂಡನನ್ನು ಸಾಕಿದವರು.

ಕೂಸಿನ ಬಟ್ಟೆಯ ವಿಷಯಕ್ಕೆ ಬಂದರೆ ಗಂಗತ್ತೆ ಹೈಕೋರ್ಟಿದ್ದ ಹಾಗೆ, ಮೇಲೆ ಅಪೀಲಿಲ್ಲ. ಯಾವ ಬಟ್ಟೆಯನ್ನೇ ಆಗಲಿ ಮೊದಲು ತಮ್ಮ ಕಣ್ಣುರೆಪ್ಪೆಯ ಮೇಲೆ ಎಳೆದು ನೋಡುವರು. ರೆಪ್ಪೆ ಒಪ್ಪಿದರೆ ಮಾತ್ರ ಕೂಸಿಗೆ. ಕೊರಳ ಹತ್ತಿರ ಲಾಡಿ ಕೂಡದು, ಹೊರಳಾಡುವಾಗ ಸುತ್ತಿಕೊಳ್ಳುತ್ತದೆ. ಗುಂಡಿ ಕೂಡದು, ಕಿತ್ತು ನುಂಗುತ್ತದೆ. ಪಿನ್ನಿನ ಮಾತಂತೂ ಎತ್ತಲೇಬಾರದು. ಹೊಲಿಗೆಯ ಒರಟು ಅಂಚು ಮೈಗೆ ತಾಗದಂತೆ ಹೊರಕ್ಕೆ ಬಿಡುವರು. ಹೀಗಾಗಿ ಅವರು ಹೊಲಿದ ಅಂಗಿ ಯಾವಾಗಲೂ ತಿರುವಿ ಹಾಕಿದಂತೆ ಕಾಣುತ್ತಿತ್ತು.

"ಅಂಗಿ ಹಾಕ್ಕೊಂಡಾವರಿಗೆ ಚಂದ ಇರಬೇಕವಾ, ನೋಡಾವರಿಗಲ್ಲ" ಎನ್ನುತ್ತಿದ್ದರು.

ಮೆತ್ತನೆಯ ದಿಂಬು ತರುತ್ತೇನೆಂದರೆ, "ಅದರಾಗ ಮೂಗು ಹುಗಿಸಿಕೊಂಡರ ಏನ್ ಮಾಡ್ತಿ?" ಎಂದು ತಳ್ಳಿಹಾಕಿದರು. ಕೆಳಗಿನ ಮನೆಯ ಮಂಗುಬೆಹನ್ ಪ್ರೀತಿಯಿಂದ ತಮ್ಮ ಬಟ್ಟೆಯ ಜೋಲಿ ತೊಟ್ಟಿಲು ತಂದುಕೊಟ್ಟರು. ಶ್ರೀಧರ ಅದರಿಂದ ಹಾವಿನಂತೆ ಸರಿದು ಒಂದು ಕಾಲು ಹೊರಗಿಳಿಸಿದ್ದೇ ತಡ, ಅದೂ ವಾಪಸ್ಸಾಯಿತು. ಕಡೆಗೆ ನೆಲದ ಮೇಲೆ ತೆಳ್ಳನೆಯ ಗಟ್ಟಿ ಹಾಸಿಗೆ, ಮೇಲೆ ಮಡಿಸಿದ ಹಳೇ ಧೋತರ. ಪ್ರಯಾಣ ಎಷ್ಟು ಮಾಡಿದರೂ ಬೀಳುವ ಭಯವಿಲ್ಲ.

ಚಳಿಗಾಲ ಬರುವಷ್ಟರಲ್ಲಿ ಅವನ ಒದೆತಕ್ಕೆ ಮನೆಯ ಹಳೇ ಬಟ್ಟೆಗಳೆಲ್ಲ ಚಿಂದಿಯಾಗಿದ್ದವು. ನನ್ನ ಗಂಡ ಕೆಲಸದ ಮೇಲೆ ಸೂರತ್ತಿಗೆ ಹೋದವರು ಹತ್ತಿಯ ಬಟ್ಟೆ ತಂದರು: ಕಡುನೀಲಿ, ಅದರ ತುಂಬ ಸಾಸಿವೆಗಾತ್ರದ ಕಣ್ಣಿನ ಬಿಳಿಯ ಆನೆಗಳು. ಗಂಗತ್ತೆಯ ರೆಪ್ಪೆ ಒಪ್ಪಿತು. ಆದರೂ ಅವರು ಅದನ್ನು ಉಪ್ಪುನೀರಿನಲ್ಲಿ ನೆನೆಹಾಕಿದರು, ಒಗೆದರು, ಒಣಗಿಸಿ ಮತ್ತೆ ಒಗೆದರು. ನೀರು ತಿಳಿಯಾಗಿ ಬಂದ ಮೇಲೆಯೇ ಕತ್ತರಿ ಹಿಡಿದದ್ದು. ಅಂಗಿ, ಹಾಸು, ಹೊದಿಕೆ ಮೂರೂ ಆನೆಯವೇ. ಶ್ರೀಧರ ಮಹಾರಾಜರ ಮನೆಯ ಕೂಸಿನಂತೆ ಮಲಗಿದ.

ಎರಡು ದಿನ ಕಳೆದಿರಬೇಕು, ಮಧ್ಯಾಹ್ನ ಅವನನ್ನು ನೋಡಲು ಒಳಗೆ ಹೋದ ಗಂಗತ್ತೆ ಕಿಟಾರನೆ ಕಿರುಚಿದರು. ಓಡಿ ಹೋದೆ. ಕೂಸಿನ ತುಟಿ ನೀಲಿ. ಬೆರಳು ನೀಲಿ. ಬಾಯ ಸುತ್ತ ನೀಲಿ. ಗಂಗತ್ತೆ ಅವನನ್ನು ಎದೆಗವಚಿಕೊಂಡು ಬರಿಗಾಲಲ್ಲಿ ಮೆಟ್ಟಿಲಿಳಿದೇಬಿಟ್ಟರು. ಮಂಗುಬೆಹನ್ "ಶೂಂ ಥಯುಂ?" ಎಂದು, ಏನಾಯಿತೆಂದು ಕೇಳುತ್ತಲೇ ಟಾಂಗಾ ನಿಲ್ಲಿಸಿದರು. ದಾರಿಯುದ್ದಕ್ಕೂ ಗಂಗತ್ತೆ ಒಂದೇ ಮಾತು: "ಉಸಿರಾಡ್ತಾನ ನೋಡವಾ, ಉಸಿರಾಡ್ತಾನ?" ಅವನೋ, ಎಚ್ಚರವಾಗಿ ಕುದುರೆಯ ಬಾಲ ನೋಡುತ್ತ ಕೇಕೆ ಹಾಕುತ್ತಿದ್ದ. ಆ ಹೊತ್ತಿನಲ್ಲಿ ಅದೂ ನನಗೆ ಕೆಟ್ಟ ಲಕ್ಷಣವಾಗಿಯೇ ಕಂಡಿತು.

ಡಾಕ್ಟರು ವಯಸ್ಸಾದವರು. ಎದೆಗೆ ಕೊಳವೆಯಿಟ್ಟು ಕೇಳಿದರು, ಕಣ್ಣು ನೋಡಿದರು. ಆಮೇಲೆ ಒಂದಿಷ್ಟು ಹತ್ತಿಯನ್ನು ನೀರಲ್ಲಿ ಅದ್ದಿ ತುಟಿ ಒರೆಸಿದರು. ಹತ್ತಿ ನೀಲಿಯಾಯಿತು, ತುಟಿ ಕೆಂಪಾಯಿತು.

"ಬಚ್ಚಾ ಪಕ್ಕಾ ಹೈ, ಮಾಜೀ," ಎಂದರು. "ರಂಗ್ ಕಚ್ಚಾ ಹೈ."

ನೀರಿಗೆ ಬಿಡದ ಬಣ್ಣ ಜೊಲ್ಲಿಗೆ ಬಿಟ್ಟಿತ್ತು! ಹಲ್ಲು ಮೊಳೆಯುವ ಕಾಲ. ಶ್ರೀಧರ ಆನೆಗಳನ್ನು ಒಂದೊಂದಾಗಿ ಚೀಪುತ್ತ ಬಂದಿದ್ದ. ಡಾಕ್ಟರು ನಕ್ಕರು, ಕಂಪೌಂಡರ್ ನಕ್ಕ, ಮಂಗುಬೆಹನ್ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಕ್ಕರು. ನಾನು ಅಳುತ್ತ ನಕ್ಕೆ. ಹೋದ ಜೀವ ಬಂದಾಗ ಅದು ಯಾವ ಬಾಗಿಲಿನಿಂದ ಬರುತ್ತದೆಂದು ಯಾರು ನೋಡುತ್ತಾರೆ? ಗಂಗತ್ತೆ ಒಬ್ಬರೇ ನಗಲಿಲ್ಲ. "ನನ್ನ ಕೈಯಿಂದನ ಅನಾಹುತ ಆಗೂದಿತ್ತು" ಎಂದಷ್ಟೇ ಹೇಳಿ ತಮ್ಮ ಅಂಗೈ ನೋಡಿಕೊಂಡರು.

ಓಣಿಗೆ ಅದೊಂದು ಹಬ್ಬವಾಯಿತು. ಎಲ್ಲರೂ ಶ್ರೀಧರನನ್ನು "ಕಾನುಡೋ" ಎಂದು ಕರೆಯತೊಡಗಿದರು. ಗುಜರಾತಿಗಳಿಗೆ ಕೃಷ್ಣ ಅಷ್ಟು ಸಲಿಗೆಯವನು. ನಾನೂ ಯೋಚಿಸಿದ್ದೇನೆ: ನೀಲಮೇಘಶ್ಯಾಮನೆಂದು ದಾಸರು ಬಾಯ್ತುಂಬ ಹಾಡಿದರಲ್ಲ, ಯಶೋದೆ ಅವನಿಗೆ ಎಂಥ ಬಟ್ಟೆ ಹಾಸಿದ್ದಳೆಂದು ಒಬ್ಬರಾದರೂ ವಿಚಾರಿಸಿದರೇ? ಆದರೆ ಈ ತಮಾಷೆ ಗಂಗತ್ತೆಯ ಮುಂದೆ ನಡೆಯುವ ಹಾಗಿರಲಿಲ್ಲ. ಓಣಿಯವರು ಕಾನುಡೋ ಎಂದು ಕೂಗಿದಾಗಲೆಲ್ಲ ಅವರ ಮುಖ ಸಣ್ಣದಾಗುತ್ತಿತ್ತು. "ನಿಮ್ಮ ತಪ್ಪಲ್ಲ" ಎಂದು ನಾವು ಹೇಳಿದಷ್ಟೂ, ತಪ್ಪು ಎಂಬ ಮಾತೇ ಅವರ ಕಿವಿಗೆ ಬೀಳುತ್ತಿತ್ತು. ಬಟ್ಟೆ ತೋರಿಸಿದರೆ "ನೀನ ನೋಡವಾ" ಎಂದು ಪಕ್ಕಕ್ಕೆ ಸರಿಯುವರು. ಊರಿಗೆ ಹೊರಡುವ ಮುಂಚೆ ಸೂಜಿದಾರದ ಡಬ್ಬಿಯನ್ನು ಮಂಗುಬೆಹನ್ನರಿಗೆ ಕೊಟ್ಟುಬಿಟ್ಟರು.

ಮುಂದೆ ನಮಗೆ ಸೂರತ್ತಿಗೆ ವರ್ಗವಾಯಿತು, ಅಲ್ಲಿಂದ ಬಡೋದೆಗೆ. ಅಲ್ಲಿನ ಗೋರ್ವಾ ಬಡಾವಣೆಯ ಬಾಡಿಗೆ ಮನೆಯಲ್ಲಿದ್ದಾಗ ವಸುಧಾ ಹುಟ್ಟಿದಳು. ಅವಳು ಹೊರಳಾಡುವುದರಲ್ಲಿ ಅಣ್ಣನನ್ನೂ ಮೀರಿಸಿದವಳು. ಅಂಗಡಿಯಿಂದ ತಂದ ಅಂಗಿಗಳಿಗೆಲ್ಲ ಝಾಲರು, ಗಂಜಿ, ಚುಚ್ಚುವ ಹೊಲಿಗೆ; ಅವಳ ಕುತ್ತಿಗೆಯ ಸುತ್ತ ಬೆವರುಸಾಲೆ. ಗಂಗತ್ತೆ ಮತ್ತೆ ಬಂದಿದ್ದರು. ಒಂದು ಅಂಗಿ ಹೊಲಿದುಕೊಡಿರೆಂದು ಗೋಗರೆದೆ.

"ಕಣ್ಣು ಕಾಣಂಗಿಲ್ಲವಾ" ಎಂದರು.

ನೆಪವೆಂದುಕೊಂಡು ಸುಮ್ಮನಾದೆ. ಶ್ರೀಧರ ಸುಮ್ಮನಾಗಲಿಲ್ಲ. ಅವನಾಗ ಶಾಲೆಗೆ ಹೋಗುತ್ತಿದ್ದ. ಕನ್ನಡಕ್ಕಿಂತ ಗುಜರಾತಿಯೇ ಬಾಯಿಗೆ ಸಲೀಸು. ತಂದೆಯ ಸೋದರತ್ತೆಯನ್ನು ಆ ಊರಿನವರಂತೆ ಫೋಯಿಬಾ ಎನ್ನುತ್ತಿದ್ದ. ಒಂದು ಸಂಜೆ ಅವರ ತೊಡೆಗೊರಗಿ ಕೇಳಿದ: "ಫೋಯಿಬಾ, ನನ್ನ ಕಾನುಡೋ ಮಾಡಿದ್ದು ನೀನ ಅಲ್ಲಾ? ಪಾಪುಗೂ ಮಾಡು."

ಗಂಗತ್ತೆ ಬೆಚ್ಚಿದರು. "ಯಾರಂದರೋ ನಿನಗ?"

"ಅವ್ವ ಹೇಳ್ಯಾಳ. ನಾ ಕ್ಲಾಸ್ನಾಗ ಎಲ್ಲಾರಿಗೂ ಹೇಳೇನಿ. ಬೇರೆ ಯಾರ ಫೋಯಿಬಾಗೂ ಬರೂದಿಲ್ಲ ಅದು!"

ಅವರು ಅವನ ಗಲ್ಲ ಹಿಡಿದು ಮುಖವನ್ನು ತಮ್ಮತ್ತ ತಿರುಗಿಸಿಕೊಂಡರು. ಆಮೇಲೆ ನಕ್ಕರು, ಅಂದು ದವಾಖಾನೆಯಲ್ಲಿ ನಗದೆ ಉಳಿಸಿದ್ದ ನಗೆಯೆಲ್ಲ ಒಮ್ಮೆಲೇ ಬಂತು. "ಸೂಜಿ ತಾರವಾ" ಎಂದರು.

ನಾನು ಹಾರಿಕೊಂಡು ಹೋಗಿ ತಂದೆ. ಅವರು ದಾರವನ್ನು ಸೂಜಿಗೆ ಪೋಣಿಸಲು ನೋಡಿದರು. ಬೆಳಕಿಗೆ ತಿರುಗಿ ನೋಡಿದರು. ದಾರ ಸೂಜಿಯ ಆಚೆಗೊಮ್ಮೆ ಈಚೆಗೊಮ್ಮೆ ಹೋಗುತ್ತಿತ್ತು, ಕಣ್ಣೊಳಗೆ ಮಾತ್ರ ಹೋಗದು. ನಾನೇ ಪೋಣಿಸಿ ಕೊಟ್ಟೆ. ಮುಟ್ಟಿ ಮುಟ್ಟಿ ಹೊಲಿದರು. ಒಂದು ತೋಳು ಉದ್ದ, ಒಂದು ಗಿಡ್ಡ. ಕೊರಳಲ್ಲಿ ತಲೆ ತೂರುವಂತಿಲ್ಲ. ನೆಪವನ್ನು ಬಹಳ ದಿನ ಸಾಕಿದರೆ ಅದು ನಿಜವಾಗಿಬಿಡುತ್ತದೇನೋ. ನಗು ಬಂದು ಮುಟ್ಟುವವರೆಗೆ ಕಣ್ಣು ಕಾಯಲಿಲ್ಲ. ಆ ಬೆರಳುಗಳಲ್ಲಿದ್ದ ಎಷ್ಟು ಅಂಗಿಗಳು ಹುಟ್ಟದೇ ಹೋದವೋ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಅವರು ಆ ಅಂಗಿಯನ್ನೆತ್ತಿ ಹಿಂದೆ ಮುಂದೆ ತಿರುವಿದರು. "ಪಾತ್ರಿ ಇಳಸಾಕ ಛಲೋ ಆತು, ಇಟಗೋ" ಎಂದು ನನ್ನ ಕೈಗಿತ್ತರು. ಆಮೇಲೆ ಅಂಗಡಿಯ ಝಾಲರಿನೊಳಗೆ ಬೆವರುತ್ತ ಹೊರಳುತ್ತಿದ್ದ ವಸುಧಾಳ ಹತ್ತಿರ ಸರಿದು, ಆ ಅಂಗಿಯನ್ನೂ ಮೆಲ್ಲಗೆ ಬಿಚ್ಚಿ ತೆಗೆದರು.

"ಬ್ಯಾಸಿಗ್ಯಾಗ ಕೂಸಿಗೆ ಅಂಗಿ ಯಾಕವಾ? ಗಾಳಿ ಹೊಚಗೊಂಡು ಮಲಗಲಿ."

ಒದೆಯಲು ಏನೂ ಸಿಗದೆ ವಸುಧಾ ಕ್ಷಣಹೊತ್ತು ಪೆಚ್ಚಾದಂತಿತ್ತು. ಆಮೇಲೆ ನಿದ್ದೆಹೋದಳು.