ಡೈನೋಸಾರು ಯಾರ ಕಡೆಯದು?

"ಈ ಪ್ರಾಣಿ ನಮ್ಮ ಕಡೇದೋ, ಬೀಗರ ಕಡೇದೋ?"

ಆತಗೂರಿನ ಮನೆಯ ಜಗುಲಿಯಲ್ಲಿ ಕೂತು ನಮ್ಮಣ್ಣ ಕೇಳಿದ ಪ್ರಶ್ನೆ ಇದು. ಅವನ ಕೈಯಲ್ಲಿದ್ದದ್ದು ನನ್ನ ಮೊಮ್ಮಗಳ ಎರಡನೇ ಹುಟ್ಟುಹಬ್ಬದ ಇನ್ವಿಟೇಷನ್. ಪ್ರಾಣಿ ಅಂದರೆ ಅದರ ಮೇಲಿದ್ದ ಡೈನೋಸಾರು. ನನಗೆ ನಗು ಬಂತು. ಅಣ್ಣನಿಗೆ ಬರಲಿಲ್ಲ.

ತಪ್ಪು ನನ್ನದೇ. ಮಂಡ್ಯದ ನಮ್ಮ ಮನೆಯಲ್ಲಿ ಸೊಸೆ ಶಿಲ್ಪಾ ಒಂದು ತಿಂಗಳ ಮುಂಚೆಯೇ ಥೀಮ್ ಫಿಕ್ಸ್ ಮಾಡಿದ್ದಳು. "ಮಾವ, ನೀವು ಪೇಪರ್‌ಗೆ ಬರೀತೀರಲ್ಲ, ಕ್ರಿಯೇಟಿವ್ ಆಗಿ ನಾಲ್ಕು ಲೈನ್ ಬರ್ಕೊಡಿ" ಎಂದಳು. ಹೊಗಳಿದರೆ ಹಿಗ್ಗದವನು ಯಾರು? (ಎರಡು ವರ್ಷದ ಕೂಸಿಗೆ ಡೈನೋಸಾರೇ ಏಕೆ ಎಂದು ಕೇಳಿದೆ. "ಅವಳಿಗೆ ಇಷ್ಟ" ಎಂಬ ಉತ್ತರ ಬಂತು. ಅವಳಿಗೆ ಚಪ್ಪಲಿ ಕಚ್ಚುವುದೂ ಇಷ್ಟ.)

ಬರೆದೆ: "ಘರ್ರ್! ನಾನು ಡೈನೋಸಾರು. ಕೋಟ್ಯಂತರ ವರ್ಷದಿಂದ ಮಲಗಿದ್ದೆ. ನಮ್ಮ ಪುಟ್ಟಿ ಕಿರುಚಿ ಎಬ್ಬಿಸಿಬಿಟ್ಟಳು. ಅವಳಿಗೆ ಎರಡು ವರ್ಷವಂತೆ! ಭಾನುವಾರ ಸಂಜೆ ಬೇಗ ಬನ್ನಿ, ಲೇಟಾದರೆ ಕೇಕ್ ನಾನೇ ತಿಂದಿರುತ್ತೇನೆ."

ಮೊಟ್ಟೆ ಆಕಾರದ ಕಾರ್ಡ್. ಸಹಿಯ ಜಾಗದಲ್ಲಿ ಪಂಜದ ಗುರುತು. ಮನೆಯವರೆಲ್ಲ ಸೂಪರ್ ಎಂದರು.

ಅಣ್ಣ ಆ ಮೊಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿದ. ಕನ್ನಡಕ ಹಾಕಿಕೊಂಡು ಮತ್ತೆ ತಿರುಗಿಸಿದ.

"ಸುಕಾಗಮನ ಬಯಸೋರು ಯಾರೂ ಇಲ್ವೇನ್ಲಾ?"

"ಡೈನೋಸಾರೇ ಕರೀತದೆ ಅಣ್ಣ. ಅದೇ ಥೀಮು."

ಆಗಲೇ ಅವನು ಯಾರ ಕಡೆಯದು ಎಂದು ಕೇಳಿದ್ದು. ಮುಂದುವರಿಸಿ, "ಮೊಗೀಗೆ ದೊಡ್ತಾತ ಅಂತ ನಾನೊಬ್ಬ ಬದುಕಿವ್ನಿ. ಕರ್ಯಾಕೆ ಓತಿಕ್ಯಾತ ಬೇಕಾಯ್ತಾ?" ಎಂದ.

"ಬರ್ತೀಯ ತಾನೇ?"

"ನೋಡಾನ ಬುಡು. ನಾಲೇಲಿ ನೀರು ಬಿಟ್ಟವ್ರೆ."

(ನಮ್ಮ ಕಡೆ 'ನೋಡಾನ ಬುಡು' ಎಂದರೆ ಬರುವುದಿಲ್ಲ ಎಂದೇ ಅರ್ಥ.)

ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ಅವನು. ಅವನಿಲ್ಲದೆ ನಮ್ಮ ಮನೆಯಲ್ಲಿ ಒಂದು ಕಾರ್ಯವೂ ನಡೆದದ್ದಿಲ್ಲ. ಆದರೂ ಒಳಗೊಂದು ಕುತೂಹಲ ಕೊರೆಯುತ್ತಲೇ ಇತ್ತು. ಕಾರ್ಡಿನಲ್ಲಿ ಹೆಸರಿದ್ದರೇನು, ಇಲ್ಲದಿದ್ದರೇನು? ಇಷ್ಟು ದೊಡ್ಡ ಮನುಷ್ಯನಿಗೆ ಇದೆಂಥ ಹಠ?

ಅಣ್ಣ ಗದ್ದೆ ಕಡೆ ಹೋದ ಮೇಲೆ ಅತ್ತಿಗೆ ಒಳಗಿನಿಂದ ಬಟ್ಟೆಯಂಗಡಿಯ ಒಂದು ಹಳೆ ಕವರ್ ತಂದು ನನ್ನ ಮುಂದೆ ಸುರಿದರು. ಲಗ್ನಪತ್ರಿಕೆ, ಗೃಹಪ್ರವೇಶ, ನಾಮಕರಣ. ಕೆಲವುಗಳ ಮೂಲೆಯ ಅರಿಶಿನ ಮಾಸಿತ್ತು.

"ಎಲ್ಲಾ ಅವ್ರೆಸ್ರಿರೋವೆ ಕಣಪ್ಪ. ಒಂದೂ ಎಸೆಯಾಕ್ ಬುಡಾಕಿಲ್ಲ."

ಒಂದೊಂದೇ ತೆರೆದೆ. ಕೆಳಗಿನ ಸಣ್ಣ ಅಕ್ಷರದ ಪಟ್ಟಿಯಲ್ಲಿ ಎಲ್ಲೋ ನಡುವೆ 'ಶ್ರೀ ಪುಟ್ಟಮಾದೇಗೌಡ, ಆತಗೂರು'. ಪಕ್ಕದಲ್ಲಿ ಬಾಲ್‌ಪೆನ್ನಿನ ಒಂದು ರೈಟ್ ಮಾರ್ಕ್. ಪ್ರತಿಯೊಂದರಲ್ಲೂ!

ಅಣ್ಣನ ಹೆಸರು ಇನ್ನೆಲ್ಲಿ ಅಚ್ಚಾಗುತ್ತದೆ? ಪಹಣಿಯಲ್ಲಿ, ರೇಷನ್ ಕಾರ್ಡಿನಲ್ಲಿ. ಆಫೀಸಿನವರನ್ನು ಬಿಟ್ಟರೆ ಅದನ್ನು ಯಾರು ಓದುತ್ತಾರೆ? ಈ ಪತ್ರಿಕೆಗಳಲ್ಲಿ ಮಾತ್ರ ಅವನು ನಾಲ್ಕು ಜನರನ್ನು 'ಬನ್ನಿ' ಎಂದು ಕರೆಯುವ ಯಜಮಾನ. ಆ ಜಾಗವನ್ನು ನಾನು ಓತಿಕ್ಯಾತನಿಗೆ ಕೊಟ್ಟಿದ್ದೆ. ನಾಚಿಕೆಯಾಯಿತು.

ಸೀದಾ ಮಂಡ್ಯದ ಪ್ರೆಸ್ಸಿಗೆ ಹೋದೆ. "ಥೀಮ್ ಹಾಳಾಗುತ್ತೆ ಮಾವ" ಎಂದಳು ಶಿಲ್ಪಾ ಫೋನಿನಲ್ಲಿ. ಹಾಳಾಗಲಿಲ್ಲ. ಪಂಜದ ಗುರುತಿನ ಕೆಳಗೆ ಎರಡು ಸಾಲು ಸೇರಿಸಿದೆ: "ನನ್ನ ಮಾತು ನಂಬದಿದ್ದರೆ ಇವರ ಮಾತಿಗಾದರೂ ಬನ್ನಿ. ಸುಖಾಗಮನ ಬಯಸುವವರು: ಶ್ರೀ ಪುಟ್ಟಮಾದೇಗೌಡ, ಆತಗೂರು."

ಎರಡು ದಿನ ಬಿಟ್ಟು ಹೊಸ ಮೊಟ್ಟೆಯನ್ನು ಅಣ್ಣನ ಕೈಗಿಟ್ಟೆ. ಓದಿದ. ಜೇಬಿನಿಂದ ಪೆನ್ನು ತೆಗೆದು ರೈಟ್ ಮಾರ್ಕ್ ಹಾಕಿದ.

"ಬಾನುವಾರ ಎಷ್ಟೊತ್ಗೆ?"

ಐದು ಗಂಟೆಯ ಪಾರ್ಟಿಗೆ ಮೂರಕ್ಕೇ ಬಂದ. ಬಲೂನ್ ಕಮಾನಿನ ಕೆಳಗೆ ನಿಂತು ಬಂದವರನ್ನೆಲ್ಲ "ಬನ್ನಿ, ಬನ್ನಿ" ಎಂದು ಕರೆದವನು ಅವನೇ. ಬೀಗರನ್ನೂ.

ಅಣ್ಣನನ್ನು ನೆನೆದು ನೀವು ನಗುವ ಮುಂಚೆ ಒಂದು ಪ್ರಶ್ನೆ. ಪ್ರತಿ ವಾರ ಈ ಅಂಕಣ ಬಂದ ದಿನ, ಬೆಳಿಗ್ಗೆ ಪೇಪರ್ ಬಿಡಿಸಿ ನಾನು ಮೊದಲು ನೋಡುವುದು ಏನನ್ನು, ಹೇಳಿ?